ಮೌಸ್ ಪಂಡಿತರು

ಪ್ರತಿ ಕಚೇರಿಯಲ್ಲೂ ಕೆಟ್ಟ ವೈರ್‌ಲೆಸ್ ಮೌಸಿಗೆ ಚಿಕಿತ್ಸೆ ಕೊಡುವ ಮೌಸ್ ಪಂಡಿತರೊಬ್ಬರು ಇದ್ದೇ ಇರುತ್ತಾರೆ. ತಾಲ್ಲೂಕು ಕಚೇರಿಯಾದರೆ ಅವರು ದ್ವಿತೀಯ ದರ್ಜೆ ಸಹಾಯಕರು, ಸಹಕಾರಿ ಬ್ಯಾಂಕಾದರೆ ಕ್ಯಾಷಿಯರು, ಕಾಲೇಜಾದರೆ ಅರ್ಥಶಾಸ್ತ್ರದ ಉಪನ್ಯಾಸಕರು. ಕಂಪ್ಯೂಟರ್ ಓದಿದವರಂತೂ ಅಲ್ಲ. ಓದಿದವರನ್ನು ಕರೆದರೆ ‘ಕಂಪ್ಲೇಂಟ್ ರೈಸ್ ಮಾಡಿ’ ಎನ್ನುತ್ತಾರೆ. ಪಂಡಿತರು ಕುರ್ಚಿ ಬಿಟ್ಟು ಎದ್ದು ಬರುತ್ತಾರೆ. ಅವರ ಖ್ಯಾತಿಗೆ ಇಷ್ಟೇ ಸಾಕಾಗಿದೆ. ವಯಸ್ಸು ನಲವತ್ತೈದರ ಆಚೆ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಪಕ್ಕದಲ್ಲೊಂದು ಟೆಸ್ಟರ್. ಮೌಸಿನ ಒಂದೂವರೆ ವೋಲ್ಟಿನ ಸೆಲ್ಲಿಗೆ ಟೆಸ್ಟರಿನ ದೀಪ ಎಂದೂ ಉರಿಯದು. ಆದರೂ ಒಮ್ಮೆ ಮುಟ್ಟಿಸಿ ನೋಡಿ ‘ಹೂಂ’ ಎನ್ನದೆ ಪರೀಕ್ಷೆ ಮುಂದುವರಿಯುವುದಿಲ್ಲ.

ಈ ಪರಂಪರೆ ವೈರ್‌ಲೆಸ್ ಮೌಸಿಗಿಂತ ಹಳೆಯದು. ಡಗ್ಲಾಸ್ ಎಂಗೆಲ್ಬಾರ್ಟ್ ಕಲ್ಪಿಸಿದ ಮೊದಲ ಮೌಸ್ 1964ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದಾಗ ಅದು ಎರಡು ಚಕ್ರಗಳಿದ್ದ ಮರದ ಡಬ್ಬಿ. ಕೆಡುವಂಥದ್ದು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಪಂಡಿತರ ಕುಲ ಬೆಳೆದದ್ದು ಗುಂಡಿನ ಮೌಸಿನ ಕಾಲದಲ್ಲಿ. ಹೊಟ್ಟೆಯೊಳಗಿನ ಗುಂಡು ಮೇಜಿನ ಧೂಳನ್ನೆಲ್ಲ ಒಳಗೆ ಒಯ್ದು ಸಣ್ಣ ಉರುಳೆಗಳ ಮೇಲೆ ಕಪ್ಪು ಪಟ್ಟಿಯಾಗಿ ಮೆತ್ತುತ್ತಿತ್ತು. ಕಿರುಬೆರಳಿನ ಉಗುರು ಬೆಳೆಸಿದವರು ಅದನ್ನು ಕೆರೆದು, ಉಫ್ ಎಂದು ಊದಿ, ಗುಂಡನ್ನು ಮರಳಿ ಕೂರಿಸಿದರೆ ಪರದೆಯ ಬಾಣ ಸರಾಗ ಓಡುತ್ತಿತ್ತು. 1999ರ ನಂತರ ಬೆಳಕಿನ ಮೌಸುಗಳು ಹಬ್ಬಿದ ಮೇಲೆ ಉಗುರಿನವರಿಗೆ ಕೆಲಸವಿಲ್ಲದಾಯಿತು. ಆಮೇಲೆ ತಂತಿಯೂ ಹೋಗಿ, ಅದರ ಜಾಗಕ್ಕೆ ಸೆಲ್ಲು ಮತ್ತು ಕಂಪ್ಯೂಟರಿಗೆ ಚುಚ್ಚುವ ಡಾಂಗಲ್ಲು ಬಂದವು. ವೃತ್ತಿ ಮತ್ತೆ ಚಿಗುರಿತು.

ಪಂಡಿತರ ವಿದ್ಯೆಯ ವಿಶೇಷವೆಂದರೆ, ಚಿಕಿತ್ಸೆ ಬಹುಮಟ್ಟಿಗೆ ಸರಿಯಾಗಿರುತ್ತದೆ, ಅದಕ್ಕೆ ಅವರು ಕೊಡುವ ಕಾರಣ ಬಹುಮಟ್ಟಿಗೆ ತಪ್ಪಾಗಿರುತ್ತದೆ.

ಪರೀಕ್ಷೆ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ: ‘ನಿನ್ನೆ ಸರಿಯಿತ್ತಾ?’ ಉತ್ತರವೂ ನಿಗದಿಯಾದದ್ದೇ: ‘ಇತ್ತು ಸಾರ್, ಬೆಳಗ್ಗೆಯಿಂದ ಹಿಂಗೇ ಆಡ್ತಿದೆ.’ ಪಂಡಿತರು ಮೌಸನ್ನು ಅಂಗಾತ ಮಾಡುತ್ತಾರೆ. ಕೆಂಪು ದೀಪ ಕಂಡರೆ ‘ಜೀವ ಇದೆ’, ಕಾಣದಿದ್ದರೆ ‘ಹೋಗಿದೆ’. ಈಚಿನ ಎಷ್ಟೋ ಮೌಸುಗಳಲ್ಲಿ ಇರುವುದು ಕಣ್ಣಿಗೆ ಕಾಣದ ಅತಿಗೆಂಪು ಬೆಳಕು. ಹೀಗಾಗಿ ಪರದೆಯ ಮೇಲೆ ಬಾಣ ಚೆನ್ನಾಗಿಯೇ ಓಡಾಡುತ್ತಿರುವ ಮೌಸೂ ಅವರ ಕೈಯಲ್ಲಿ ಸತ್ತಿದೆಯೆಂದು ಘೋಷಿತವಾಗುವುದುಂಟು. ಅಡಿಯಲ್ಲಿ ಒಂದು ಪುಟ್ಟ ಸ್ವಿಚ್ಚೂ ಇರುತ್ತದೆ. ಬೆಳಗ್ಗೆ ಮೇಜು ಒರೆಸಿದವರ ಬಟ್ಟೆ ತಗುಲಿ ಅದು ಆಫ್ ಆಗಿರುವುದೇ ಅರ್ಧ ದೂರುಗಳ ಮೂಲ. ಇಲ್ಲಿ ಪಂಡಿತರ ದೊಡ್ಡತನ ಕಾಣುತ್ತದೆ. ಸ್ವಿಚ್ ಆಫ್ ಆಗಿತ್ತೆಂದು ಅವರು ಯಾರೊಂದಿಗೂ ಬಾಯಿ ಬಿಡುವುದಿಲ್ಲ. ಹೆಬ್ಬೆರಳಿನಲ್ಲಿ ಸದ್ದಿಲ್ಲದೆ ಆನ್ ಮಾಡಿ, ಸೆಲ್ ತೆಗೆದು, ಹಾಕಿ, ಎರಡು ಬಾರಿ ಅಂಗೈಗೆ ತಟ್ಟಿ, ‘ಸ್ವಲ್ಪ ಲೂಸ್ ಕನೆಕ್ಷನ್ ಇತ್ತು ಮೇಡಂ’ ಎಂದು ಕೊಡುತ್ತಾರೆ. ಮೇಡಮ್ಮಿನ ಮರ್ಯಾದೆಯೂ ಉಳಿಯಿತು, ಕಾಫಿಯೂ ಬಂತು.

ಸೆಲ್ಲಿನ ಅಧ್ಯಾಯ ದೊಡ್ಡದು. ಸೆಲ್ಲನ್ನು ಅದರ ಗೂಡಿನಲ್ಲೇ ಹೆಬ್ಬೆರಳಿನಿಂದ ನಾಲ್ಕು ಸುತ್ತು ಉರುಳಿಸುವುದು ಪಂಡಿತರ ಮುಖ್ಯ ಪ್ರಯೋಗ. ಇದರಿಂದ ‘ಒಳಗಿನ ಕರೆಂಟು ಮೇಲೆ ಬರುತ್ತದೆ’ ಎಂಬುದು ಅವರ ನಂಬಿಕೆ. ನಿಜಕ್ಕೂ ಆಗುವುದೇನೆಂದರೆ ಸೆಲ್ಲಿನ ತುದಿಗೂ ಸ್ಪ್ರಿಂಗಿಗೂ ನಡುವೆ ಕಟ್ಟಿದ ಕಿಲುಬಿನ ಪೊರೆ ಉಜ್ಜಿಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಮೌಸ್ ಓಡುತ್ತದೆ, ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ರೇಡಿಯೋ ಕಾಲದಿಂದ ಬಂದವರು ಸೆಲ್ಲನ್ನು ಕಿಟಕಿಯ ಬಿಸಿಲಿಗಿಡುವುದೂ ಇದೆ. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗುವುದು ಸುಳ್ಳಲ್ಲ. ಆ ಚುರುಕು ಒಂದು ಕಡತ ಮುಗಿಸುವಷ್ಟು ಹೊತ್ತು ಬಾಳೀತು. ಹೊಸ ಆಲ್ಕಲೈನ್ ಸೆಲ್ಲಿನಲ್ಲಿ 1.5 ವೋಲ್ಟ್ ಇರುತ್ತದೆ, ಬಳಸಿದಂತೆ ಇಳಿಯುತ್ತದೆ. ಇಳಿದಾಗ ಬಾಣ ತಡವರಿಸುತ್ತದೆ, ನಿಲ್ಲುತ್ತದೆ, ಮತ್ತೆ ಎಚ್ಚೆತ್ತು ಒಂದು ಮೊಳ ಜಿಗಿಯುತ್ತದೆ. ಇಲ್ಲಿ ಬೇಕಾದದ್ದು ಹೊಸ ಸೆಲ್ಲು. ಆದರೆ ಹೊಸ ಸೆಲ್ಲಿಗೆ ಇಂಡೆಂಟ್ ಬೇಕು, ಇಂಡೆಂಟಿಗೆ ಸಹಿ ಬೇಕು, ಸಹಿ ಮಾಡುವವರು ಮೀಟಿಂಗಿನಲ್ಲಿರುತ್ತಾರೆ. ಪಂಡಿತರ ದೃಷ್ಟಿ ಗೋಡೆಯ ಗಡಿಯಾರದ ಕಡೆಗೆ ಹೊರಳುತ್ತದೆ. ಮೌಸಿಗೆ ಸಾಲದಾದ ಸೆಲ್ಲು ಗಡಿಯಾರವನ್ನು ಇನ್ನೂ ತಿಂಗಳುಗಟ್ಟಲೆ ಓಡಿಸಬಲ್ಲದು, ಅದಕ್ಕೆ ಬೇಕಾಗುವ ಕರೆಂಟು ಅಷ್ಟು ಕಡಿಮೆ. ಜಾಣರು ಮೌಸಿನದನ್ನು ಗಡಿಯಾರಕ್ಕೆ ಹಾಕುತ್ತಾರೆ. ಪಂಡಿತರು ಗಡಿಯಾರದ್ದನ್ನು ಮೌಸಿಗೆ ಹಾಕುತ್ತಾರೆ. ಕಚೇರಿಯ ಗಡಿಯಾರ ವರ್ಷವಿಡೀ ಹನ್ನೊಂದೂ ಕಾಲು ತೋರಿಸುತ್ತಿದ್ದರೆ ಸಮೀಪದಲ್ಲೆಲ್ಲೋ ಒಂದು ವೈರ್‌ಲೆಸ್ ಮೌಸ್ ಇದೆಯೆಂದು ತಿಳಿಯಬಹುದು.

ಸೋರಿದ ಸೆಲ್ಲಿನ ವಿಷಯದಲ್ಲಿ ಮಾತ್ರ ಲೆಕ್ಕ ತಿರುವುಮುರುವು. ಸ್ಪ್ರಿಂಗಿನ ಸುತ್ತ ಕಟ್ಟಿದ ಬಿಳಿ ಪುಡಿ ಕಂಡ ಕೂಡಲೆ ಪಂಡಿತರು ರೋಗವನ್ನು ಸರಿಯಾಗಿ ಹಿಡಿಯುತ್ತಾರೆ, ಹಚ್ಚುವುದು ಮಾತ್ರ ಕೊಬ್ಬರಿ ಎಣ್ಣೆ. ಆಲ್ಕಲೈನ್ ಸೆಲ್ಲಿನಿಂದ ಸೋರಿದ್ದು ಕ್ಷಾರ. ಅದಕ್ಕೆ ಹುಳಿಯೇ ಮದ್ದು. ಹತ್ತಿಗೆ ಒಂದೆರಡು ಹನಿ ನಿಂಬೆರಸವನ್ನೋ ವಿನೆಗರನ್ನೋ ಸೋಕಿಸಿ ಒರೆಸಿ, ಒದ್ದೆ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ, ಪೂರ್ತಿ ಒಣಗಿಸಿದರೆ ಆಯಿತು. ಪುಡಿಯನ್ನು ಬರಿಗೈಯಲ್ಲಿ ಮುಟ್ಟಬಾರದು.

ಸೆಲ್ ಸರಿಯಿದ್ದೂ ಬಾಣ ನಡುಗಿದರೆ ತಪ್ಪು ಮೇಜಿನದು. ಮೌಸಿನ ಅಡಿಯಲ್ಲಿರುವುದು ಪುಟ್ಟ ಕ್ಯಾಮೆರಾ. ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಮೇಜಿನ ಮೈಯ ಚಿತ್ರ ತೆಗೆದು, ಹಿಂದಿನದಕ್ಕೂ ಮುಂದಿನದಕ್ಕೂ ಇರುವ ಅಂತರದಿಂದ ಚಲನೆಯನ್ನು ಲೆಕ್ಕ ಹಾಕುತ್ತದೆ. ನಮ್ಮ ಕಚೇರಿಯ ಮೇಜಿನ ಮೇಲೆ ದಪ್ಪ ಗಾಜು, ಗಾಜಿನಡಿ ರಾಯರು, ಮಂಜುನಾಥಸ್ವಾಮಿ, ಫೋನ್ ನಂಬರುಗಳ ಪಟ್ಟಿ ಮತ್ತು ಯಾವುದೋ ಕಾಲದ ಸುತ್ತೋಲೆ. ಕ್ಯಾಮೆರಾಗೆ ನಯವಾದ ಗಾಜಿನ ಮೈ ಕಾಣುವುದಿಲ್ಲ, ಅಡಿಯಲ್ಲಿರುವ ಸುತ್ತೋಲೆ ಮಸುಕಾಗುತ್ತದೆ. ಸುತ್ತೋಲೆ ಮಸುಕಾಗುವುದು ಕಚೇರಿಗೆ ಹೊಸದಲ್ಲ, ಮೌಸಿಗೆ ಹೊಸದು. ‘ಗಾಜು ಸಿಗ್ನಲ್ ಎಳಕೊಳ್ಳುತ್ತೆ’ ಎನ್ನುತ್ತ ಪಂಡಿತರು ಡ್ರಾಯರಿನಿಂದ ಒಂದು ಮದುವೆಯ ಆಮಂತ್ರಣ ಪತ್ರಿಕೆ ತೆಗೆದು ಮೌಸಿನಡಿ ಇಡುತ್ತಾರೆ. ಆಯ್ಕೆ ಮುಖ್ಯ: ಒರಟು ಕಾಗದದ್ದಾದರೆ ಉತ್ತಮ, ಚಿನ್ನದ ಮಿರುಗಿನದು ಗಾಜಿನಷ್ಟೇ ಕೆಟ್ಟದ್ದು. ಒಂದು ಕೂದಲು ಕ್ಯಾಮೆರಾದ ಕಿಂಡಿಗೆ ಅಡ್ಡ ಬಂದರೂ ಬಾಣ ಕುಣಿಯುತ್ತದೆ. ಪಂಡಿತರು ಮೌಸನ್ನು ಅಂಗಿಗೆ ಉಜ್ಜಿದಾಗ ವಾಸಿಯಾಗುವುದು ಈ ಕೂದಲಿನ ರೋಗ.

ಡಾಂಗಲ್ ಇನ್ನೂ ಸೂಕ್ಷ್ಮ. ಅದೂ ಮೌಸೂ ಮಾತಾಡುವುದು 2.4 ಗಿಗಾಹರ್ಟ್ಸಿನ ಸುತ್ತ. ವೈಫೈ, ಬ್ಲೂಟೂತ್‌ಗಳ ಸಂತೆ ನೆರೆದಿರುವುದೂ ಅಲ್ಲೇ. ಜೊತೆಗೆ ಯುಎಸ್‌ಬಿ 3.0 ಪೋರ್ಟಿಗೆ ಹಾರ್ಡ್ ಡಿಸ್ಕ್ ಚುಚ್ಚಿದರೆ ಅದರಿಂದಲೂ ಇದೇ ಪಟ್ಟಿಯಲ್ಲಿ ಗದ್ದಲ ಹೊರಡುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಬರೆದು ಪ್ರಕಟಿಸಿದೆ. ಡಾಂಗಲ್ ಇರುವುದೋ ಮೇಜಿನಡಿಯ ಸಿಪಿಯುವಿನ ಬೆನ್ನಿಗೆ, ಗೋಡೆಯ ಕಡೆಗೆ, ಹಾರ್ಡ್ ಡಿಸ್ಕಿನ ಪಕ್ಕ. ಪಂಡಿತರು ಮಂಡಿಯೂರಿ ಒಳಗೆ ತೂರಿ ಅದನ್ನು ಕಿತ್ತು ಮುಂದಿನ ಪೋರ್ಟಿಗೆ ಹಾಕಿ, ‘ಹಿಂದಿನ ಪೋರ್ಟ್ ಸತ್ತಿದೆ’ ಎಂದು ತೀರ್ಪು ಕೊಡುತ್ತಾರೆ. ಪೋರ್ಟ್ ಗಟ್ಟಿಮುಟ್ಟಾಗಿದೆ. ಮೌಸಿಗೂ ಡಾಂಗಲ್ಲಿಗೂ ನಡುವಿನ ತಗಡಿನ ಗೋಡೆ ತಪ್ಪಿ, ಗದ್ದಲದಿಂದ ಒಂದು ಗೇಣು ದೂರವಾಯಿತು, ಅಷ್ಟೆ. ಒಂದು ಸಣ್ಣ ಎಕ್ಸ್‌ಟೆನ್ಷನ್ ಕೇಬಲ್ ಇದ್ದರೆ ಇನ್ನೂ ಒಳ್ಳೆಯದು.

ಪಂಡಿತರ ಕೈ ಕೆಡುವುದು ಎರಡು ಒಂದೇ ಜಾತಿಯ ಮೌಸುಗಳು ಒಟ್ಟಿಗೆ ಸಿಕ್ಕಾಗ. ಎರಡನ್ನೂ ಒರೆಸಿ ಡಾಂಗಲ್‌ಗಳನ್ನು ಅದಲುಬದಲಾಗಿ ಚುಚ್ಚುತ್ತಾರೆ. ಕ್ಯಾಷಿಯರು ಮೌಸ್ ಅಲ್ಲಾಡಿಸಿದರೆ ಅವರ ಪರದೆ ಕಲ್ಲಿನಂತಿರುತ್ತದೆ. ಪಕ್ಕದ ಚಿನ್ನದ ಸಾಲದ ಮೇಜಿನಲ್ಲಿ ಬಾಣ ಓಡತೊಡಗುತ್ತದೆ. ಕ್ಯಾಷಿಯರು ಸಿಟ್ಟಿನಲ್ಲಿ ಟಪಟಪ ಒತ್ತಿದರೆ ಅಲ್ಲಿ ಅರ್ಧ ತುಂಬಿದ ಅರ್ಜಿ ಮುಚ್ಚಿಹೋಗುತ್ತದೆ. ‘ಹ್ಯಾಕ್ ಆಗಿದೆ, ಯಾರೂ ಪಾಸ್‌ವರ್ಡ್ ಹಾಕಬೇಡಿ’ ಎಂದು ಪಂಡಿತರು ಎರಡೂ ಡಾಂಗಲ್ ಕಿತ್ತು ಮೇಜಿನ ಮೇಲಿಟ್ಟು, ಒಂದು ಲೋಟ ನೀರು ಕುಡಿದು, ಮತ್ತೆ ಹಾಕುತ್ತಾರೆ. ಸರಿಹೋಗುವ ಸಾಧ್ಯತೆ ಅರ್ಧಕ್ಕರ್ಧ. ಮೌಸಿನ ಮೇಲೂ ಡಾಂಗಲ್ ಮೇಲೂ ಒಂದೇ ಬಣ್ಣದ ಉಗುರುಬಣ್ಣದ ಚುಕ್ಕೆ ಇಟ್ಟಿದ್ದರೆ ಹ್ಯಾಕಿನ ಮಾತೇ ಬರುತ್ತಿರಲಿಲ್ಲ.

ಟೀ ಮುಗಿಸಿ ಬಂದಾಗ ಮಾತ್ರ ಮೌಸ್ ಏಳದಿದ್ದರೆ ವಿಂಡೋಸ್ ವಿದ್ಯುತ್ ಉಳಿಸಲು ಆ ಯುಎಸ್‌ಬಿ ಹಬ್ಬನ್ನು ಮಲಗಿಸಿರಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟಿಗೆ ಹೋಗಿ ಟಿಕ್ ತೆಗೆದರೆ ಮುಗಿಯಿತು. ಪಂಡಿತರು ‘ಡ್ರೈವರ್ ಹೋಗಿದೆ’ ಎಂದು ರೀಸ್ಟಾರ್ಟ್ ಮಾಡುತ್ತಾರೆ. ಮರುದಿನ ಟೀ ಆದ ಮೇಲೆ ಮತ್ತೆ ಕರೆ ಬರುತ್ತದೆ.

ಅವರಿಂದ ವಾಸಿಮಾಡಲಾಗದ ಕಾಯಿಲೆ ಒಂದೇ: ಒಮ್ಮೆ ಒತ್ತಿದರೆ ಎರಡು ಬಾರಿ ಕ್ಲಿಕ್ ಆಗುವುದು. ಗುಂಡಿಯಡಿಯ ಸ್ವಿಚ್ಚಿನ ಸಣ್ಣ ತಾಮ್ರದ ಪಟ್ಟಿ ಸವೆದಿರುತ್ತದೆ; ಬೆಸುಗೆ ಬಿಡಿಸಿ ಹೊಸ ಸ್ವಿಚ್ ಹಾಕಬೇಕು. ಬಿಚ್ಚೋಣವೆಂದರೆ ಎಷ್ಟೋ ಮೌಸುಗಳಲ್ಲಿ ಸ್ಕ್ರೂ ಹೊರಗೆ ಕಾಣುವುದೇ ಇಲ್ಲ, ಅಡಿಯ ಜಾರುಪಟ್ಟಿಯ ಕೆಳಗೆ ಅಡಗಿರುತ್ತದೆ. ಪಂಡಿತರು ಸುತ್ತಲೂ ತಿರುವಿ ನೋಡಿ, ‘ಇದಕ್ಕೆ ಸ್ಪೇರ್ ಬರಲ್ಲ’ ಎಂದು ಕೈಬಿಟ್ಟು, ಬೀರುವಿನ ತಳದಿಂದ ತಂತಿಯ ಮೌಸೊಂದನ್ನು ತಂದು ಚುಚ್ಚಿ ಹೋಗುತ್ತಾರೆ. ಕೆಟ್ಟದ್ದನ್ನು ಎಸೆಯುವಂತಿಲ್ಲ, ದಾಸ್ತಾನು ಪುಸ್ತಕದಲ್ಲಿ ಅದಕ್ಕೊಂದು ಸಂಖ್ಯೆಯಿದೆ. ನಿರುಪಯುಕ್ತ ವಸ್ತುಗಳ ಪಟ್ಟಿಗೆ ಮಂಜೂರಾತಿ ಸಿಗುವವರೆಗೆ ಅದು ಡ್ರಾಯರಿನಲ್ಲೇ ಇರಬೇಕು, ಲೆಕ್ಕ ತಪಾಸಣೆಯವರು ಬಂದಾಗ ಮೇಲೆ ಬಂದು ಮುಖ ತೋರಿಸಬೇಕು.