ಫೇಸ್‌ಬುಕ್ ಸಾಹಿತಿಯ ಲಕ್ಷಣಗಳು

ಅಂತರಜಾಲ ಬಂದ ಮೇಲೆ ಕನ್ನಡದಲ್ಲಿ ಹುಟ್ಟಿಕೊಂಡ ಲೇಖಕವರ್ಗಗಳ ಪೈಕಿ ಎಲ್ಲೆಡೆ ಹಬ್ಬಿರುವುದು ‘ಫೇಸ್‌ಬುಕ್ ಸಾಹಿತಿ’ಯ ವರ್ಗ. ತನ್ನ ಬರಹಕ್ಕೆ ತಾನೇ ಅಕ್ಷರ ಜೋಡಿಸುವವನೂ ತಾನೇ ಸಂಪಾದಕನೂ ತಾನೇ ಪ್ರಕಾಶಕನೂ, ಸಂದರ್ಭ ಒದಗಿದರೆ ತಾನೇ ವಿಮರ್ಶಕನೂ ಆಗಿರುವವನನ್ನು ಈ ಹೆಸರಿನಿಂದ ಗುರುತಿಸಬಹುದು. ವೃತ್ತಿಯಿಂದ ಈತ ಸಾಮಾನ್ಯವಾಗಿ ಅಧ್ಯಾಪಕ, ಬ್ಯಾಂಕ್ ನೌಕರ ಅಥವಾ ಆಗತಾನೇ ನಿವೃತ್ತನಾದ ಅಧಿಕಾರಿ. ಮೂರನೆಯ ಬಗೆಯವನಿಗೆ ಬಿಡುವು ಹೆಚ್ಚಾದ್ದರಿಂದ ಕವಿತೆಗಳೂ ಹೆಚ್ಚು.

ಈತನ ಪೂರ್ವಾಶ್ರಮವನ್ನು ತಿಳಿಯದೆ ಈಗಿನ ಸ್ಥಿತಿ ಅರ್ಥವಾಗದು. ಹಾಳೆಯ ಒಂದೇ ಮಗ್ಗುಲಲ್ಲಿ ಕವಿತೆ ಬರೆದು, ಅಸ್ವೀಕೃತವಾದರೆ ಮರಳಿ ಬರಲೆಂದು ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆಯನ್ನೂ ಜೊತೆಗಿಟ್ಟು, ‘ಮಯೂರ’ಕ್ಕೋ ‘ತುಷಾರ’ಕ್ಕೋ ಕಳಿಸಿ ಈತ ತಿಂಗಳುಗಟ್ಟಲೆ ಕಾಯುತ್ತಿದ್ದ. ಆ ಕಾಯುವಿಕೆಯಲ್ಲಿ ಒಂದು ನೆಮ್ಮದಿಯೂ ಇತ್ತು, ಏಕೆಂದರೆ ಉತ್ತರ ಬಾರದಿದ್ದರೆ ಅಂಚೆಯವರನ್ನು ದೂರಬಹುದಿತ್ತು. 2014ರಲ್ಲಿ ವಾಟ್ಸ್‌ಆ್ಯಪ್ ನೀಲಿ ಗುರುತುಗಳನ್ನು ತಂದು, ಕಳಿಸಿದ್ದನ್ನು ಎದುರಿನವರು ತೆರೆದು ನೋಡಿದ್ದಾರೆಂದು ಸಾರತೊಡಗಿದ ಮೇಲೆ ಆ ಆಸರೆಯೂ ತಪ್ಪಿತು. ಸಂಪಾದಕರು ಕವಿತೆ ನೋಡಿದ್ದಾರೆ, ನೋಡಿಯೂ ಸುಮ್ಮನಿದ್ದಾರೆ ಎಂಬುದು ಈಗ ಕ್ಷಣಮಾತ್ರದಲ್ಲಿ ಖಚಿತವಾಗುತ್ತದೆ.

ಅಕ್ಷರ ಜೋಡಣೆಯ ವಿದ್ಯೆಯನ್ನು ಈತ ಕಷ್ಟಪಟ್ಟೇ ಕಲಿತಿದ್ದಾನೆ. 1998ರಲ್ಲಿ ಬಂದ ‘ಬರಹ’, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಇವು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಸುಲಭವಾಗಿಸಿದರೂ, ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ವೇಷ ತೊಡಿಸುತ್ತಿದ್ದುದರಿಂದ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಭಾವಗೀತೆಯು ವೇಷ ಕಳಚಿ ಅರ್ಥಹೀನ ಚಿಹ್ನೆಗಳ ಸಾಲಾಗಿ ನಿಲ್ಲುತ್ತಿತ್ತು. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ಗೊತ್ತುಪಡಿಸುವ ಯುನಿಕೋಡ್ ವ್ಯವಸ್ಥೆ ಬಳಕೆಗೆ ಬಂದ ಮೇಲೆ ಈ ತೊಂದರೆ ನೀಗಿತಾದರೂ, ಹಳೆಯ ಕಡತಗಳನ್ನು ಹೊಸ ವ್ಯವಸ್ಥೆಗೆ ಪರಿವರ್ತಿಸುವಾಗ ಅರ್ಕಾವೊತ್ತು ಜಾಗ ತಪ್ಪುವುದುಂಟು. ಹಾಗೆ ಹುಟ್ಟಿದ ಪದವನ್ನು ಅಪೂರ್ವ ಪ್ರಯೋಗವೆಂದು ಕೊಂಡಾಡುವ ಓದುಗರೂ ಇರುತ್ತಾರೆ. ಅಂಥ ಪದವನ್ನು ಸಾಹಿತಿ ಮತ್ತೆ ತಿದ್ದುವುದಿಲ್ಲ.

ಕವಿತೆ ಹಾಕಿದ ಮೇಲಿನ ಒಂದು ಗಂಟೆ ಈತನ ದಿನಚರಿಯಲ್ಲಿ ಅತ್ಯಂತ ಸೂಕ್ಷ್ಮವಾದ ಘಟ್ಟ. ಕಾಫಿ ಆರುತ್ತದೆ, ಸ್ನಾನಕ್ಕೆ ಕಾಯಿಸಿದ ನೀರೂ ಆರುತ್ತದೆ, ಮನೆಯವರು ಕರೆದರೆ ‘ಬಂದೆ’ ಎಂಬ ಉತ್ತರ ಮಾತ್ರ ಬರುತ್ತದೆ. ಇಲ್ಲಿ ನಡೆಯುವುದು ವಾಸ್ತವವಾಗಿ ಮುಯ್ಯಿಯ ವ್ಯವಹಾರ. ಮದುವೆಮನೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಅಷ್ಟನ್ನೇ ಹಿಂದಿರುಗಿಸುವ ಪದ್ಧತಿಯಂತೆ, ಬಂದ ಲೈಕುಗಳ ಲೆಕ್ಕವನ್ನು ಈತ ಮನಸ್ಸಿನಲ್ಲೇ ಇಟ್ಟು ತೀರಿಸುತ್ತಾನೆ. ಹೆಬ್ಬೆರಳಿಗೆ ಹೆಬ್ಬೆರಳು, ಹೃದಯಕ್ಕೆ ಹೃದಯ, ‘ಚೆಂದದ ಸಾಲುಗಳು ಸರ್’ ಎಂಬುದಕ್ಕೆ ‘ನಿಮ್ಮ ಪ್ರೀತಿ ದೊಡ್ಡದು ಸರ್’. ಬಾಕಿ ಉಳಿಸಿಕೊಂಡವರ ಹೆಸರು ಮುಂದಿನ ವಿಚಾರಸಂಕಿರಣದ ಆಹ್ವಾನ ಪತ್ರಿಕೆ ಸಿದ್ಧವಾಗುವಾಗ ನೆನಪಿಗೆ ಬರುತ್ತದೆ. ಈ ಲೆಕ್ಕಾಚಾರದಲ್ಲಿ ಕವಿತೆಯನ್ನು ಓದುವ ಅಗತ್ಯ ಯಾರಿಗೂ ಬೀಳದಿರುವುದೇ ಇದರ ಅನುಕೂಲ.

ಹಿರಿಯ ಲೇಖಕರೊಬ್ಬರು ತೀರಿಕೊಂಡ ದಿನ ಈತನ ಕಾರ್ಯದಕ್ಷತೆ ಎದ್ದು ಕಾಣುತ್ತದೆ. ಅಗಲಿದವರು ಅಂಚಿನಲ್ಲಿ ಅರ್ಧ ಮಾತ್ರ ಕಾಣಿಸುವ, ತಾನು ಮೈಸೂರು ಪೇಟ ತೊಟ್ಟು ನಡುವೆ ನಿಂತಿರುವ ಚಿತ್ರವನ್ನು ಮೊಬೈಲಿನಿಂದ ಹುಡುಕಿ ತೆಗೆದು, ‘ನನ್ನ ಮೊದಲ ಸಂಕಲನವನ್ನು ಅವರು ಮೆಚ್ಚಿದ್ದರು’ ಎಂದು ಕೆಳಗೆ ಬರೆಯುತ್ತಾನೆ, ಅಲ್ಲಗಳೆಯಬೇಕಾದವರು ಹೋಗಿಯಾಗಿದೆ. ಚಿತ್ರವನ್ನಷ್ಟೇ ಕಂಡ ಮಿತ್ರರು ಮುಯ್ಯಿಯ ಅಭ್ಯಾಸಬಲದಿಂದ ‘ಅಭಿನಂದನೆಗಳು ಸರ್’ ಎಂದು ಬರೆದು ಮುಂದೆ ಸಾಗುತ್ತಾರೆ.

ಇಷ್ಟಾದರೂ ಪುಸ್ತಕದ ಮೇಲಿನ ಮೋಹ ಈತನನ್ನು ಬಿಟ್ಟಿಲ್ಲ. ಒಮ್ಮೆಗೆ ಸಾವಿರ ಪ್ರತಿ ಅಚ್ಚು ಹಾಕಿಸುವ ಹಿಂದಿನ ರೂಢಿಯ ಬದಲು, ಬೇಡಿಕೆ ಬಂದಷ್ಟೇ ಪ್ರತಿಗಳನ್ನು ಮುದ್ರಿಸಿಕೊಡುವ ಡಿಜಿಟಲ್ ಯಂತ್ರಗಳು ಬಂದಿರುವುದರಿಂದ ಅಟ್ಟದ ಮೇಲೆ ಗೆದ್ದಲು ಹಿಡಿಯುವ ಕಟ್ಟುಗಳಂತೂ ಕಡಿಮೆಯಾಗಿವೆ. ಬೆಂಗಳೂರಿನ ಕನ್ನಡ ಭವನದ ನಯನ ಸಭಾಂಗಣದಲ್ಲಿ ಬಿಡುಗಡೆ ನಡೆಯುತ್ತದೆ, ಖಾಲಿ ಕುರ್ಚಿಗಳು ಬೀಳದ ಕೋನದಿಂದ ಫೇಸ್‌ಬುಕ್ ನೇರಪ್ರಸಾರವೂ ನಡೆಯುತ್ತದೆ. ಸಂಜೆ ಮುಖಪುಟದ ಜೊತೆಗೆ, ಹಣ ಪಾವತಿಗೆಂದು ಕ್ಯೂಆರ್ ಕೋಡಿನ ಚೌಕವನ್ನೂ ಹಾಕಿದರೆ, ನೂರಾರು ಶುಭಾಶಯಗಳ ನಡುವೆ ಮೊದಲ ವಿಚಾರಣೆ ಬರುತ್ತದೆ: ‘ಪಿಡಿಎಫ್ ಇದ್ದರೆ ಕಳಿಸಿ ಸರ್.’

ಇದರಿಂದ ನೊಂದ ಸಾಹಿತಿ, ಪುಸ್ತಕಗಳ ಪಿಡಿಎಫ್ ಹಂಚುವುದು ಲೇಖಕನ ಅನ್ನ ಕಸಿಯುವ ಕೃತ್ಯವೆಂದು ಅದೇ ರಾತ್ರಿ ದೀರ್ಘವಾಗಿ, ಪ್ರಾಮಾಣಿಕ ಆವೇಶದಿಂದ ಬರೆಯುತ್ತಾನೆ. ಆ ಬರಹಕ್ಕೆ ಬೇಕಾದ ಒಂದೆರಡು ಉದ್ಧರಣೆಗಳನ್ನು ಹುಡುಕಲು, ಹಿರಿಯ ಲೇಖಕರ ಸಮಗ್ರ ಸಂಪುಟಗಳೆಲ್ಲ ಪುಕ್ಕಟೆಯಾಗಿ ದೊರೆಯುವ ಟೆಲಿಗ್ರಾಂ ಗುಂಪಿಗೆ ಒಮ್ಮೆ ಹೋಗಿಬರುತ್ತಾನೆ.