ವಿತೌಟ್ ಮೀಮಾಂಸೆ

ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು ಸೋರ್ಸ್ ಕೋಡಿನಿಂದ ತಾವೇ ಕಟ್ಟಿಕೊಳ್ಳುವ ಸಾಹಸಿಗಳಿಗಾಗಿ ಎರಡು ಫೈಲುಗಳುಂಟು: ಮೇಕ್.ಕಾನ್ಫ್ ಮತ್ತು ಎಸ್‌ಆರ್‌ಸಿ.ಕಾನ್ಫ್. ಯಾವುದನ್ನು ಕಟ್ಟಬೇಕು, ಯಾವುದನ್ನು ಬಿಡಬೇಕು, ಕಂಪೈಲರಿನ ಕಿವಿಯಲ್ಲಿ ಏನು ಊದಬೇಕು ಎಂಬುದನ್ನೆಲ್ಲ ಇವುಗಳಲ್ಲಿ ಬರೆಯಬೇಕು. ಬರೆಯುವ ವಿಧಾನ ಕೈಪಿಡಿಯ ಐದನೆಯ ವಿಭಾಗದಲ್ಲಿದೆ. ಅದು ಅರ್ಥವಾಗುವುದಿಲ್ಲ, ಸುಧಾರಿಸಿ ಎಂದು ಕೆಲವರು ಗೊಣಗುತ್ತಿರುವುದರಿಂದ, ಶಾಸ್ತ್ರದ ಪರವಾಗಿ ಒಂದೆರಡು ಮಾತು ಹೇಳುವುದು ಪ್ರಸ್ತುತ ಪ್ರಬಂಧಕಾರನಿಗೆ ಅನಿವಾರ್ಯವಾಗಿದೆ.

ಮೊದಲು ಗ್ರಂಥದ ಪ್ರಾಮಾಣ್ಯ. ಎಸ್‌ಆರ್‌ಸಿ.ಕಾನ್ಫ್ ಕೈಪಿಡಿಯನ್ನು ಯಾರೂ ಕೂತು ಬರೆದಿಲ್ಲ. ಉತ್ಪ್ರೇಕ್ಷೆಯಲ್ಲ. ಆಪ್ಷನ್ನಿಗೊಂದರಂತೆ ಪುಟ್ಟ ವಿವರಣೆಗಳಿವೆ. ಮೇಕ್‌ಮ್ಯಾನ್ ಎಂಬ ಸ್ಕ್ರಿಪ್ಟು ಅವನ್ನು ಪೋಣಿಸಿ ಪುಟವನ್ನು ಹೊರಡಿಸುತ್ತದೆ. ಆ ಫೈಲಿನ ನೆತ್ತಿಯ ಮೇಲೆ ‘ತಿದ್ದಬೇಡಿ’ ಎಂಬ ಶಾಸನವೂ ಇದೆ. ಕರ್ತೃವಿಲ್ಲ, ತಿದ್ದುವಂತಿಲ್ಲ: ಮೀಮಾಂಸಕರು ವೇದಕ್ಕೆ ಹೇಳಿದ ಅಪೌರುಷೇಯತ್ವ ಇದಕ್ಕಿಂತ ಬೇರೆಯೇ? ಕರ್ತೃವೇ ಇಲ್ಲದ ಮೇಲೆ ಕರ್ತೃದೋಷವೂ ಇಲ್ಲ. ಆದ್ದರಿಂದ ಅರ್ಥವಾಗದಿದ್ದರೆ ದೋಷ ಓದುಗನದು.

ವಾಕ್ಯಶೈಲಿಯೂ ಗಮನಾರ್ಹ. ‘ವಿತೌಟ್_ಬ್ಲೂಟೂತ್’ ಎಂದರೇನು? ಬ್ಲೂಟೂತಿಗೆ ಸಂಬಂಧಿಸಿದ ಕರ್ನಲ್ ಮಾಡ್ಯೂಲು, ಪ್ರೋಗ್ರಾಮು, ಲೈಬ್ರರಿಗಳನ್ನು ಕಟ್ಟದಿರುವುದು. ಮುಗಿಯಿತು. ಕಟ್ಟದಿದ್ದರೆ ಎಷ್ಟು ಜಾಗ ಉಳಿಯುತ್ತದೆ, ಯಾರು ಇದನ್ನು ಬಳಸಬೇಕು, ಯಾರು ಮುಟ್ಟಬಾರದು ಎಂದೆಲ್ಲ ಕೇಳುವವನಿಗೆ ಶ್ರದ್ಧೆ ಸಾಲದು. (ನನಗೂ ಒಮ್ಮೊಮ್ಮೆ ಕೇಳಬೇಕೆನಿಸುತ್ತದೆ, ಪೀಠದ ಮರ್ಯಾದೆಗಾಗಿ ಸುಮ್ಮನಿದ್ದೇನೆ.)

ಈಗ ಪ್ರಬಂಧದ ಹೃದಯಭಾಗಕ್ಕೆ ಬರೋಣ.

ಪೂರ್ವಪಕ್ಷಿ: ಆಚಾರ್ಯರೇ, ನನಗೆ ಬ್ಲೂಟೂತ್ ಬೇಕಾಗಿತ್ತು. ಹಾಗಾಗಿ ‘ವಿತೌಟ್_ಬ್ಲೂಟೂತ್=ನೋ’ ಎಂದು ಬರೆದೆ. ಅದು ಹೊರಟೇ ಹೋಯಿತು.

ಸಿದ್ಧಾಂತಿ: ಎಲೈ ಮಂದಮತಿಯೇ, ಸಮಚಿಹ್ನೆಯ ಬಲಗಡೆ ಏನಿದೆ ಎಂದು ಇಲ್ಲಿ ಯಾರೂ ನೋಡುವುದಿಲ್ಲ. ‘ಯೆಸ್’ ಬರೆ, ‘ನೋ’ ಬರೆ, ‘ಫಾಲ್ಸ್’ ಬರೆ. ಹೆಸರು ಎತ್ತಿದೆಯಲ್ಲ, ಸಾಕು.

ಪೂರ್ವಪಕ್ಷಿ: ನೋಡುವುದಿಲ್ಲವೆಂದ ಮೇಲೆ ಬೆಲೆ ಬರೆಯಲು ಜಾಗವೇಕೆ?

ಸಿದ್ಧಾಂತಿ: ನಿನ್ನಂಥವರನ್ನು ಗುರುತಿಸಲಿಕ್ಕೆ.

ಈ ನಿಯಮವನ್ನು ಕೈಪಿಡಿ ಮುಚ್ಚಿಟ್ಟಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಪೀಠಿಕೆಯಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ ಜನ ಪೀಠಿಕೆ ಓದುವುದಿಲ್ಲ. ತಮಗೆ ಬೇಕಾದ ಆಪ್ಷನ್ನನ್ನು ಹುಡುಕಿ ನೇರವಾಗಿ ಅಲ್ಲಿಗೇ ಇಳಿಯುತ್ತಾರೆ. ಇಳಿದ ಜಾಗದಲ್ಲಿ ಆ ಎಚ್ಚರಿಕೆ ಇಲ್ಲ.

ಇನ್ನು ವ್ಯಾಕರಣ. ಈ ಫೈಲುಗಳನ್ನು ಓದಿ ಬಿಲ್ಡ್ ನಡೆಸುವ ಪ್ರೋಗ್ರಾಮು ಬಿಎಸ್‌ಡಿ ಮೇಕ್; ಅದರಲ್ಲಿ ಬೆಲೆ ಕೊಡುವ ಚಿಹ್ನೆಗಳು ಐದು. ‘=’ ಎಂದರೆ ಇದ್ದುದನ್ನು ಅಳಿಸಿ ಹಾಕು; ‘+=’ ಎಂದರೆ ಇದ್ದುದಕ್ಕೆ ಸೇರಿಸು; ‘?=’ ಎಂದರೆ ಯಾರೂ ಹಾಕಿರದಿದ್ದರೆ ಮಾತ್ರ ಹಾಕು; ‘:=’ ಎಂದರೆ ಈಗಲೇ ಬಿಡಿಸಿ ಹಾಕು; ‘!=’ ಎಂದರೆ ಶೆಲ್ಲನ್ನು ಕೇಳಿ ಹಾಕು. ಮೀಮಾಂಸಕರೂ ವೇದವಾಕ್ಯಗಳನ್ನು ವಿಧಿ, ಮಂತ್ರ, ನಾಮಧೇಯ, ನಿಷೇಧ, ಅರ್ಥವಾದ ಎಂದು ಐದಾಗಿಯೇ ವಿಂಗಡಿಸಿದ್ದಾರೆ. ಇದು ಕಾಕತಾಳೀಯವೆಂದು ಸಾಧಿಸುವ ಪುರಾವೆ ಈವರೆಗೆ ಸಿಕ್ಕಿಲ್ಲವಾದ್ದರಿಂದ ಕಾಕತಾಳೀಯವಲ್ಲ. ಕಂಪೈಲರಿಗೆ ಸೂಚನೆಗಳನ್ನು ಕೊಡುವ ಸಿಫ್ಲ್ಯಾಗ್ಸ್‌ಗೆ ‘+=’ ಬಿಟ್ಟು ‘=’ ಹಾಕಿದವನು ಮೊದಲೇ ಇದ್ದ ಫ್ಲ್ಯಾಗುಗಳನ್ನೆಲ್ಲ ಕಳೆದುಕೊಳ್ಳುತ್ತಾನೆ; ಪ್ರಾಯಶ್ಚಿತ್ತವಾಗಿ ಪುನಃ ಬಿಲ್ಡ್ ಮಾಡತಕ್ಕದ್ದು.

ಮೇಕ್‌ನ ಜನಕ ಸ್ಟುವರ್ಟ್ ಫೆಲ್ಡ್‌ಮನ್. ಬೆಲ್ ಲ್ಯಾಬ್ಸ್‌ನಲ್ಲಿ 1976ರಲ್ಲಿ ಅದನ್ನು ಬರೆದಾಗ ಆಜ್ಞೆಯ ಸಾಲು ಟ್ಯಾಬಿನಿಂದಲೇ ಶುರುವಾಗಬೇಕೆಂದು ಇಟ್ಟರು. ತಪ್ಪೆಂದು ತಿಳಿಯುವಷ್ಟರಲ್ಲಿ ಸುಮಾರು ಹನ್ನೆರಡು ಮಂದಿ ಬಳಸತೊಡಗಿದ್ದರಂತೆ. ಅವರಿಗೆ ತೊಂದರೆಯಾಗದಿರಲೆಂದು ಹಾಗೇ ಬಿಟ್ಟರು. ಸಂಪ್ರದಾಯ ಸ್ಥಾಪನೆಗೆ ಹನ್ನೆರಡು ಜನ ಸಾಕು. ಸಾವಿರಾರು ಜನ ಗೊಣಗಿದರೂ ಅದು ಕದಲುವುದಿಲ್ಲ.

ಎರಡು ಫೈಲುಗಳ ಅಧಿಕಾರವ್ಯಾಪ್ತಿಯೂ ಬೇರೆ ಬೇರೆ. ಎಸ್‌ಆರ್‌ಸಿ.ಕಾನ್ಫ್ ಸಿಸ್ಟಮ್ಮಿನ ಮೂಲವೃಕ್ಷವನ್ನು ಮಾತ್ರ ಆಳುತ್ತದೆ. ಮೇಕ್.ಕಾನ್ಫ್ ಆ ಯಂತ್ರದಲ್ಲಿ ಯಾರು ಎಲ್ಲಿ ಮೇಕ್ ಎಂದರೂ ಹಾಜರು. ವಿದ್ಯಾರ್ಥಿಯ ಹೋಮ್‌ವರ್ಕೂ ಅದರ ಪ್ರಜೆಯೇ.

ಅಂತಿಮವಾಗಿ ಸುಧಾರಣಾವಾದಿಗಳ ಮಾದರಿಯನ್ನು ಪರಿಶೀಲಿಸೋಣ. ‘ವಿತೌಟ್_ಓಪನ್‌ಎಸ್‌ಎಸ್‌ಎಲ್’ ಎಂಬ ಸೂತ್ರದ ಕೆಳಗೆ ಅವರು ಹೀಗೆ ಬರೆಯಬೇಕೆನ್ನುತ್ತಾರೆ: “ಇದನ್ನು ಹಾಕಿದರೆ ಓಪನ್‌ಎಸ್‌ಎಸ್‌ಎಚ್ ಕೂಡ ಕಟ್ಟುವುದಿಲ್ಲ. ಬಿಲ್ಡ್ ಆದ ಮೇಲೆ ಹಳೆಯ ಫೈಲುಗಳನ್ನೂ ಅಳಿಸಿಬಿಟ್ಟರೆ, ದೂರದ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಮತ್ತೆ ಒಳಹೋಗಲಾರಿರಿ. ಬೇಡವೆನಿಸಿದರೆ ಈ ಸಾಲನ್ನೇ ಅಳಿಸಿ. ನೋ ಎಂದು ಬರೆಯಬೇಡಿ.” ಈ ವಿವರಣೆಯನ್ನು ವಿದ್ವತ್ಸಭೆ ಸರ್ವಾನುಮತದಿಂದ ತಿರಸ್ಕರಿಸಬೇಕು. ಒಂದೇ ಓದಿಗೆ ಅರ್ಥವಾಗುವುದರಿಂದ ಇದಕ್ಕೆ ಭಾಷ್ಯ ಬೇಕಾಗುವುದಿಲ್ಲ. ಭಾಷ್ಯವಿಲ್ಲದಿದ್ದರೆ ಭಾಷ್ಯಕಾರರಿಲ್ಲ, ಅರ್ಧರಾತ್ರಿಯಲ್ಲಿ ಸರ್ವರ್ ಕೈಕೊಟ್ಟಾಗ ಫೋನು ಮಾಡಿ ‘ಆಚಾರ್ಯರೇ’ ಎನ್ನುವವರೂ ಇರುವುದಿಲ್ಲ. ಆ ಕರೆಗೆ ಸಲ್ಲುವ ಗೌರವಧನದ ಚರ್ಚೆ ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.