ನಮ್ಮ ಮನೆಯ ಕೋಲೆಬಸವ

ನಮ್ಮ ಕಾರು ಒಂದನೇ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಒಳಗಿರುವವರೆಲ್ಲ ಒಟ್ಟಿಗೆ ತಲೆಯಾಡಿಸುತ್ತಾರೆ. ಎರಡರಿಂದ ಮೂರಕ್ಕೆ ಮತ್ತೊಮ್ಮೆ. ನಾನು ಹೇಳಿದ್ದಕ್ಕೆ ಮನೆಯವರೆಲ್ಲ ಹೂಂ ಅಂದಂತೆ ಕಾಣುವ ಜಾಗ ಅದೊಂದೇ ಆದ್ದರಿಂದ ನನಗೇನೂ ದೂರಿರಲಿಲ್ಲ. ಹಿಂದಿನ ಸೀಟಿನ ಅಮ್ಮ ಮಾತ್ರ, ‘ಇದು ಕಾರಲ್ಲ ಕಣೋ, ಕೋಲೆಬಸವ’ ಅಂದಳು. ಹೆಸರು ನಿಂತುಬಿಟ್ಟಿತು.

ಇಪ್ಪತ್ತೆರಡು ವರ್ಷ ಕ್ಲಚ್ ತುಳಿದವನು ನಾನು. ಆನೇಕಲ್ಲಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವುದರಲ್ಲಿ ಎಡಗಾಲಿನ ಮಂಡಿ ಸವೆದು, ಡಾಕ್ಟರು ‘ಮೆಟ್ಟಿಲು ಕಡಿಮೆ ಹತ್ತಿ’ ಅಂದರು. ಮೆಟ್ಟಿಲು ಎಲ್ಲಿ ಹತ್ತಿದ್ದೆ? ಚಂದಾಪುರದ ಸಿಗ್ನಲ್ ದಾಟುವಷ್ಟರಲ್ಲಿ ಕ್ಲಚ್ಚನ್ನು ಎಷ್ಟು ಸಲ ತುಳಿಯುತ್ತಿದ್ದೆನೋ, ಆ ಲೆಕ್ಕದಲ್ಲಿ ತಿರುಪತಿ ಬೆಟ್ಟ ಹತ್ತಿ ಇಳಿಯಬಹುದಿತ್ತು. ಹಾಗಾಗಿ ಆಟೋಮ್ಯಾಟಿಕ್ ಬಂತು. ಅಸಲಿ ಆಟೋಮ್ಯಾಟಿಕ್ ಅಲ್ಲ, ಎಎಂಟಿ. 2014ರಲ್ಲಿ ಮಾರುತಿಯವರು ಸೆಲೆರಿಯೊದಲ್ಲಿ ಇದನ್ನು ತಂದ ಮೇಲೆ ನಮ್ಮಂಥ ಸಂಬಳದವರ ಕೈಗೂ ಆಟೋಮ್ಯಾಟಿಕ್ ಎಟುಕಿತು. ನಮ್ಮದು ಬೇರೆ ಕಂಪನಿಯದು, ಹೆಸರು ಬೇಡ.

ತೊಂದರೆ ಶುರುವಾದದ್ದು ಆರನೇ ತಿಂಗಳಲ್ಲಿ. ಸಿಗ್ನಲ್ ಹಸಿರಾದರೂ ಕಾರು ಹೊರಡಲೊಲ್ಲದು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಗೊಣಗುತ್ತದೆ, ಗಾಡಿ ಯೋಚನೆ ಮಾಡುತ್ತದೆ, ಆಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ ಮುಂದಕ್ಕೆ ಹಾರುತ್ತದೆ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ‘ಆಕ್ಚುಯೇಟರ್ ಇರಬಹುದು ಸಾರ್, ಬಿಟ್ಟು ಹೋಗಿ’ ಎಂದು ಒಂದು ಅಂದಾಜು ಮೊತ್ತ ಹೇಳಿದರು. ಅದನ್ನು ಕೇಳಿದ ಕೂಡಲೇ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಜ್ಞಾನೋದಯ ಆಯಿತು.

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿದೆ. ನಾನು ನೋಡಿದ್ದ ವಿಡಿಯೊದಲ್ಲಿ ಒಬ್ಬ ಅಮೆರಿಕದವನು ಗೇರ್ ಆಯಿಲ್ಲಿನ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದ್ದ. ಕುಂಕುಮದ ನೀರಿನಂತೆ ಕೆಂಪಗಿದ್ದರೆ ಆರೋಗ್ಯ, ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಗೇರ್‌ಬಾಕ್ಸ್ ಮುಗಿಯಿತು. ನಾನೂ ಎಳೆದೆ, ಒರೆಸಿದೆ. ಕಾಡಿಗೆ! ಮೂಸಿದೆ, ಸೀದುಹೋದ ಒಗ್ಗರಣೆ! ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಹೆಂಡತಿ ಕಾಫಿ ತಂದು, ‘ಪಂಚೆಗೆ ಯಾಕೆ ಒರೆಸಿದ್ರಿ?’ ಅಂತ ಮಾತ್ರ ಕೇಳಿದಳು.

ಎದುರು ಮನೆಯ ಡ್ರೈವರಣ್ಣ ಬಂದರು. ಮೂವತ್ತು ವರ್ಷ ಸರಕಾರಿ ಬಸ್ ಓಡಿಸಿ ನಿವೃತ್ತರಾದವರು. ಕಡ್ಡಿ ನೋಡಿ, ‘ಇದು ಇಂಜಿನ್ ಆಯಿಲ್ ಕಣಯ್ಯಾ, ಕಪ್ಪಗಿರದೆ ಇನ್ನೇನು ಕೆನೆಹಾಲಿನ ಹಂಗಿರುತ್ತಾ?’ ಅಂದರು. ನಮ್ಮ ಕಾರಿಗೆ ಆ ಕೆಂಪು ಆಯಿಲ್ಲೂ ಇಲ್ಲ, ಅದರ ಕಡ್ಡಿಯೂ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಕೆಂಪು ಆಯಿಲ್ ಬೇಕಾದದ್ದು ಸಾಂಪ್ರದಾಯಿಕ ಆಟೋಮ್ಯಾಟಿಕ್‌ಗೆ. ಜನರಲ್ ಮೋಟರ್ಸ್‌ನವರು 1940ರ ಮಾದರಿಯ ಓಲ್ಡ್ಸ್‌ಮೊಬೈಲಿಗೆ ಹೈಡ್ರಮ್ಯಾಟಿಕ್ ಕೊಟ್ಟಾಗಿನಿಂದ ಆ ಮನೆತನದಲ್ಲಿ ಎಣ್ಣೆಯ ಒತ್ತಡದಿಂದಲೇ ಗೇರು ಬದಲಾಗುವುದು. ನಮ್ಮದರಲ್ಲಿ ಇರುವುದು ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ ಪ್ಲೇಟು. ನನ್ನ ಕಾಲು, ಕೈ ಮಾಡುತ್ತಿದ್ದ ಕೆಲಸವನ್ನು ಒಂದು ಪುಟ್ಟ ಮೋಟಾರು, ಒಂದು ಕಂಪ್ಯೂಟರು ಮಾಡುತ್ತವೆ, ಅಷ್ಟೆ.

‘ಅಂದ್ರೆ ಒಳಗೆ ಇನ್ನೊಬ್ಬ ಡ್ರೈವರ್ ಕೂತವ್ನೆ ಅನ್ನು’ ಎಂದರು ಡ್ರೈವರಣ್ಣ. ‘ಅವನು ಕ್ಲಚ್ ತುಳಿದಾಗ ನೀನು ಆಕ್ಸಿಲರೇಟರ್ ಎತ್ತಬೇಕಲ್ಲ? ಎತ್ತುತೀಯಾ?’

ನಾನು ಎತ್ತುತ್ತಿರಲಿಲ್ಲ. ಆಟೋಮ್ಯಾಟಿಕ್ಕಿಗೆ ದುಡ್ಡು ಕೊಟ್ಟು ನಾನ್ಯಾಕೆ ಎತ್ತಲಿ?

ಅಷ್ಟರಲ್ಲಿ ಅಕ್ಕನ ಮಗ ಬಂದ. ಸಾಫ್ಟ್‌ವೇರಿನವನು, ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಕ್ಯಾನರ್ ತಂದಿದ್ದ. ಸ್ಟಿಯರಿಂಗ್ ಕೆಳಗೆ ಹದಿನಾರು ಪಿನ್ನಿನ ಒಂದು ಕಿಂಡಿ ಇರುತ್ತದೆ, ಅದಕ್ಕೆ ಸಿಕ್ಕಿಸಿದರೆ ಕಾರಿನ ಒಳಸಂಕಟವೆಲ್ಲ ಮೊಬೈಲಿಗೆ ಬರುತ್ತದೆ. ‘ಪಿ 0700 ಅಂತ ಬಂದ್ರೆ ಗೇರ್‌ಬಾಕ್ಸ್ ಕಡೆ ಏನೋ ಸರಿಯಿಲ್ಲ ಅಂತ, ಮಾವ.’ ಏನು ಸರಿಯಿಲ್ಲ? ‘ಅದನ್ನ ಆ ಕೋಡ್ ಹೇಳಲ್ಲ.’ ನಮ್ಮ ದೊಡ್ಡಮ್ಮನೂ ಹೀಗೇ; ಮದುವೆಮನೆಗೆ ಕಾಲಿಟ್ಟ ಕೂಡಲೇ ‘ಯಾಕೋ ಸರಿಯಿಲ್ಲ’ ಅನ್ನುತ್ತಿದ್ದಳು, ಮುಂದಿನದನ್ನು ನಾವೇ ಹುಡುಕಬೇಕು. ಅಂತೂ ಯಾವ ಕೋಡೂ ಬರಲಿಲ್ಲ. ಬ್ಯಾಟರಿ 12.6 ವೋಲ್ಟ್, ಗಟ್ಟಿಮುಟ್ಟು. ಡ್ರೈವರ್ ಬಾಗಿಲು ತೆಗೆದಾಗ ಆ ಪುಟ್ಟ ಮೋಟಾರಿನ ಪಂಪು ‘ಜುಂಯ್’ ಅನ್ನುವುದೂ ಸರಿಯಾಗಿತ್ತು. ರೋಗಿ ನರಳುತ್ತಾನೆ, ರಿಪೋರ್ಟ್ ಎಲ್ಲ ನಾರ್ಮಲ್.

ಓಡಿಸಿಯೇ ನೋಡೋಣವೆಂದು ಮುತ್ಯಾಲಮಡುವಿನ ದಾರಿ ಹಿಡಿದೆವು. ಡ್ರೈವರಣ್ಣ ಕಾರು ಹತ್ತಲಿಲ್ಲ. ‘ರೋಗಿ ಹೊಟ್ಟೇಲಿ ಕೂತ್ಕೊಂಡು ನಾಡಿ ನೋಡೋಕಾಗುತ್ತಾ?’ ಎಂದು ತಮ್ಮ ಮೊಪೆಡ್ಡಿನಲ್ಲಿ ಹಿಂದೆ ಬಂದರು. ರಾಗಿ ಹೊಲಗಳು ಮುಗಿದು ಇಳಿಜಾರು ಶುರುವಾಗುವಲ್ಲಿ ಹಾರ್ನ್ ಹೊಡೆದು ನಿಲ್ಲಿಸಿದರು.

‘ಊರಿಂದ ನೋಡ್ತಾ ಇದ್ದೀನಿ, ನಿನ್ನ ಹಿಂದಿನ ಕೆಂಪು ದೀಪ ಆರೋದೇ ಇಲ್ವಲ್ಲೋ!’

ಹುಡುಗನ ಮುಖ ಅರಳಿತು. ಬ್ರೇಕ್ ಸ್ವಿಚ್! ಅದು ಕೆಟ್ಟು, ಬ್ರೇಕ್ ಒತ್ತದಿದ್ದರೂ ಒತ್ತಿದೆ ಎಂದು ಕಂಪ್ಯೂಟರಿಗೆ ಸುಳ್ಳು ವರದಿ ಕೊಡುತ್ತಿದೆ. ನಿಲ್ಲಬೇಕೇನೋ ಅಂದುಕೊಂಡು ಅದು ಕ್ಲಚ್ ಕೂಡಿಸುತ್ತಿಲ್ಲ. ಇನ್ನೂರು, ಮುನ್ನೂರರ ಸಾಮಾನು. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಅವನು ಮೊಬೈಲ್ ಟಾರ್ಚ್ ಹಿಡಿದು ನನ್ನ ಮಂಡಿಯ ಕೆಳಗೆ ತಲೆ ತೂರಿಸಿದ.

‘ಬ್ರೇಕ್ ಬಿಡಿ ಮಾವ.’

‘ಬಿಟ್ಟಿದ್ದೀನಿ.’

‘ಪೂರ್ತಿ ಬಿಡಿ.’

‘ಬಲಗಾಲು ಆಚೆ ಇದೆ ನೋಡೋ!’

ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಕೆಳಗಿನಿಂದ ಬಂತು: ‘ಮಾವ, ಇಲ್ಲಿ ಇನ್ನೊಂದು ಕಾಲಿದೆ.’

ಎಡಗಾಲು. ಮಳ್ಳನ ಹಾಗೆ ಬ್ರೇಕಿನ ಮೇಲೆ ಹಗುರವಾಗಿ ಕೂತಿತ್ತು. ನಾನು ಕೂರಿಸಿರಲಿಲ್ಲ, ದೇವರಾಣೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪ್ರಾಜೆಕ್ಟ್ ಮುಗಿದವರನ್ನು ಬೆಂಚಿನ ಮೇಲೆ ಕೂರಿಸುತ್ತಾರೆ. ಸಂಬಳ ಬರುತ್ತಿರುತ್ತದೆ, ಆದರೂ ಎದೆ ಡವಡವ. ಕೆಲಸವಿದೆ ಎಂದು ತೋರಿಸಿಕೊಳ್ಳಲು ಪಕ್ಕದವನ ಕೆಲಸಕ್ಕೆ ಕೈ ಹಾಕುತ್ತಾರೆ. ಇಪ್ಪತ್ತೆರಡು ವರ್ಷ ದುಡಿದ ಕಾಲನ್ನು ನಾನು ಒಂದು ಮಾತೂ ಹೇಳದೆ ಬೆಂಚಿಗೆ ಹಾಕಿದ್ದೆ. ಅದು ಪಾಪ, ಬಲಗಾಲಿನ ಬ್ರೇಕಿಗೆ ಹೋಗಿ ನೆರವಾಗುತ್ತಿತ್ತು.

ತಲೆಯಾಡಿಸುವುದು ಪೂರ್ತಿ ಹೋಗಲಿಲ್ಲ. ಅದು ಎಎಂಟಿಯ ಹುಟ್ಟುಗುಣ. ಗೇರು ಬೀಳುವ ಹೊತ್ತಿಗೆ ಡ್ರೈವರಣ್ಣ ಹೇಳಿದಂತೆ ಆಕ್ಸಿಲರೇಟರನ್ನು ಒಂದಿಷ್ಟು ಸಡಿಲಿಸಿದರೆ ಕೋಲೆಬಸವ ಗೋಣು ಸುಮ್ಮನೆ ಸ್ವಲ್ಪ ಅಲ್ಲಾಡಿಸುತ್ತದೆ. ಎಡಗಾಲಿಗೆ ಮದ್ದು ಹೇಳಿದವರೂ ಅವರೇ: ‘ಆ ಕಾಲಿನ ಚಪ್ಪಲಿ ಬಿಚ್ಚಿ ಕೂತ್ಕೊ. ಬರಿಗಾಲು ಪೆಡಲ್ ಮುಟ್ಟಿದ್ರೆ ತಣ್ಣಗೆ ತಾಗುತ್ತೆ, ತಕ್ಷಣ ಗೊತ್ತಾಗುತ್ತೆ.’

ಸೋಮವಾರ ಎಡಗಾಲಿನ ಶೂ, ಕಾಲುಚೀಲ ಎರಡನ್ನೂ ಬಿಚ್ಚಿ ಪಕ್ಕದ ಸೀಟಿನಲ್ಲಿಟ್ಟು ಹೊರಟೆ. ಚಂದಾಪುರದಲ್ಲಿ ಹಸಿರು ಬಿದ್ದದ್ದೇ ಕಾರು ಬೆಣ್ಣೆಯಂತೆ ಜಾರಿತು. ಹೆಬ್ಬಗೋಡಿ ದಾಟಿದ್ದೂ ತಿಳಿಯಲಿಲ್ಲ. ಖುಷಿಯಲ್ಲಿ ಕಾರು ನಿಲ್ಲಿಸಿ, ಬ್ಯಾಗು ಹೆಗಲಿಗೇರಿಸಿ, ಆಫೀಸಿನ ಗೇಟಿನಲ್ಲಿ ಐಡಿ ಕಾರ್ಡ್ ತೋರಿಸಿದೆ. ಸೆಕ್ಯುರಿಟಿಯವನು ಕಾರ್ಡ್ ನೋಡಲಿಲ್ಲ. ಶೂ ಇದ್ದ ಕಾಲನ್ನೊಮ್ಮೆ, ಇಲ್ಲದ ಕಾಲನ್ನೊಮ್ಮೆ ನೋಡಿದ.

‘ಹೊಸ ಆಟೋಮ್ಯಾಟಿಕ್ಕಾ ಸಾರ್?’ ಅಂದ.